ಒಂದು ಗ್ರಾಫಿಕ್ಸ್ ಕಾರ್ಡು, ಹತ್ತು ಪಾಲುದಾರರು

ಜೂನ್ 30ರ ರಾತ್ರಿ ನಮ್ಮ ಕೋಣೆಯಲ್ಲಿ ಜಗಳವಾಯಿತು.

ಕೋಣೆ ಎಂದರೆ ಮಂಗಳೂರಿನ ಬಲ್ಮಠದ ಹತ್ತಿರ, ಮಾಳಿಗೆಯ ಮೇಲೆ, ಬಾಡಿಗೆಗೆ ಹಿಡಿದದ್ದು. ಗ್ರಾಮೀಣ ಪತ್ರಿಕೋದ್ಯಮ ಓದಿ ಹೊರಬಂದ ನಾವು ಆರು ಜನ. ಆರು ಜನರಿಗೂ ಸೇರಿ ಒಂದೇ ಕಂಪ್ಯೂಟರು, ಸೆಕೆಂಡ್ ಹ್ಯಾಂಡಿನದು. ಅದರೊಳಗೆ 2 ಜಿಬಿಯ ಒಂದು ಗ್ರಾಫಿಕ್ಸ್ ಕಾರ್ಡು. ಯಾರು ಯಾವಾಗ ಕೂರಬೇಕು ಎಂದು ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದೆವು. ಒಬ್ಬರಿಗೆ ಒಂದು ಕೆಲಸ, ಆಮೇಲೆ ಮುಂದಿನವರು. ಇದಕ್ಕಿಂತ ನ್ಯಾಯ ಬೇಕೇ ಎಂದುಕೊಂಡಿದ್ದೆವು.

ಮರುದಿನ ಜುಲೈ 1, ಕನ್ನಡ ಪತ್ರಿಕಾ ದಿನ. ಎರಡು ಕೆಲಸ ಹೊರಬರಬೇಕಿತ್ತು. ಒಂದು, ಟ್ರಾಲಿಂಗ್ ನಿಷೇಧದ ಎರಡು ತಿಂಗಳು ಧಕ್ಕೆಯ ಬೋಟ್ ಕಾರ್ಮಿಕರು ಏನು ಮಾಡುತ್ತಾರೆ ಎಂಬ ವಿಡಿಯೋ. ಇನ್ನೊಂದು, ಬಂಟ್ವಾಳ ತಾಲೂಕಿನ ಒಂದು ಊರಿನ ಕಾಲುಸಂಕದ ವರದಿ. ಸಂಕ ಕೊಚ್ಚಿಹೋಗಿ ಮಕ್ಕಳು ಶಾಲೆಗೆ ಹೋಗುವುದು ನಿಂತಿತ್ತು. ಬೆಳಿಗ್ಗೆ ಹತ್ತಕ್ಕೆ ಅಲ್ಲಿ ಗ್ರಾಮಸಭೆ. ಅದಕ್ಕೆ ಮೊದಲು ವರದಿ ಊರವರ ಫೋನಿಗೆ ತಲುಪಬೇಕಿತ್ತು. ಎರಡು ಫೋಟೋ, ಒಂದು ಕೈನಕ್ಷೆ, ಒಂದು ಪುಟದ ಬರಹ. ಅರ್ಧ ಗಂಟೆಯ ಕೆಲಸ.

ವಿಡಿಯೋ ಮೊದಲು ಕೂತಿತ್ತು. ಕಂಪ್ಯೂಟರಿನಲ್ಲಿ ಅದು ಹಿಂದೆ ಓಡುತ್ತಿರಲಿ, ಮುಂದೆ ಇದನ್ನು ಟೈಪ್ ಮಾಡೋಣ ಎಂದು ವರದಿ ಬರೆಯುವವಳು ಕೂತಳು. ಒಂದು ಅಕ್ಷರ ಒತ್ತಿದರೆ ಅದು ಪರದೆಗೆ ಬರಲು ನಾಲ್ಕು ಸೆಕೆಂಡು. ಮೌಸಿನ ಬಾಣ ಕುಂಟುತ್ತಾ ಹೋಗುತ್ತಿತ್ತು. "ಸ್ವಲ್ಪ ನಿಲ್ಸು ಮಾರಾಯ" ಎಂದಳು. "ನಿಲ್ಸಿದ್ರೆ ಮೊದಲಿಂದ ಶುರು ಮಾಡ್ಬೇಕು ಅಕ್ಕ, ನಾಲ್ಕು ಗಂಟೆ ಆಗಿದೆ" ಎಂದ ಅವನು. ಇಬ್ಬರದ್ದೂ ಸರಿ. ರಾತ್ರಿ ಎರಡರ ಸುಮಾರಿಗೆ ಪರದೆ ಕಪ್ಪಾಗಿ ಮತ್ತೆ ಬೆಳಗಿತು. ಡಿಸ್‌ಪ್ಲೇ ಡ್ರೈವರ್ ಪ್ರತಿಕ್ರಿಯಿಸುವುದನ್ನು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ ಎಂಬ ಅರ್ಥದ ಒಂದು ಸಾಲು ಮೂಲೆಯಲ್ಲಿ. ವಿಡಿಯೋ ಅರ್ಧಕ್ಕೆ ಹೋಯಿತು. ಉಳಿಸದೆ ಇದ್ದ ವರದಿಯೂ ಹೋಯಿತು. ಕಾಲುಸಂಕದ ವರದಿ ಊರಿಗೆ ತಲುಪಿದ್ದು ಮಧ್ಯಾಹ್ನ, ಗ್ರಾಮಸಭೆ ಮುಗಿದು ಜನ ಮನೆಗೆ ಹೋದ ಮೇಲೆ.

ಒಂದು ಯಂತ್ರವನ್ನು ಹತ್ತು ಕೆಲಸಗಳ ನಡುವೆ ನ್ಯಾಯವಾಗಿ ಹಂಚುವುದು ಅಷ್ಟು ಕಷ್ಟವೇ ಎಂದು ಆ ಮೇಲೆ ಹುಡುಕಲು ಹೊರಟೆವು. ಉತ್ತರ ನಾವು ಎಣಿಸಿದ್ದಕ್ಕಿಂತ ಉದ್ದವಾಗಿತ್ತು, ಮತ್ತು ನಮ್ಮ ಕೋಣೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಅದಕ್ಕೊಂದು ಆರಂಭವೂ ಸಿಕ್ಕಿತು.

ಬಲ್ಮಠದ ಗುಡ್ಡೆಯಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ಕಲ್ಲಚ್ಚಿನ ಮುದ್ರಣ ಶುರುಮಾಡಿದರು. ಹರ್ಮನ್ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದದ್ದು ಹಾಗೆ ಕಲ್ಲಿನಿಂದಲೇ. ಪತ್ರಿಕಾ ದಿನ ಆಚರಿಸುವುದು ಆ ತಾರೀಕಿಗಾಗಿ. ಕಲ್ಲಚ್ಚು ಎಂದರೆ ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಪುಟವನ್ನು ಮೂಡಿಸಿ, ಕಲ್ಲನ್ನು ಒದ್ದೆ ಮಾಡಿ, ಶಾಯಿ ಉರುಳಿಸುವುದು. ನೀರು ನಿಂತಲ್ಲಿ ಶಾಯಿ ಹಿಡಿಯುವುದಿಲ್ಲ, ಜಿಡ್ಡು ಇದ್ದಲ್ಲಿ ಹಿಡಿಯುತ್ತದೆ. ಕಲ್ಲಿನ ಮೇಲೆ ಒಂದು ಪುಟ ಇರುವಾಗ ಇನ್ನೊಂದಕ್ಕೆ ಜಾಗವಿಲ್ಲ. ಹೊಸ ಪುಟ ಬೇಕಾದರೆ ಹಳೆಯದನ್ನು ಮರಳು ಹಾಕಿ ತಿಕ್ಕಿ ಅಳಿಸಿ, ಕಲ್ಲನ್ನು ಮತ್ತೆ ಸಿದ್ಧ ಮಾಡಬೇಕು. ಅರ್ಧದಲ್ಲಿ ಅಳಿಸಿದರೆ ಆ ಪುಟದ ಶ್ರಮವೆಲ್ಲ ಹೋದಂತೆ.

ಆಮೇಲೆ ಅಚ್ಚುಮೊಳೆಗಳು ಬಂದವು, ಪಾಲುದಾರರೂ ಹೆಚ್ಚಿದರು. ಮಂಗಳೂರಿನ ಈ ಒಂದು ಮುದ್ರಣಾಲಯದಿಂದ 1872ರಲ್ಲಿ ಗುಂಡರ್ಟ್ ಅವರ ಮಲಯಾಳಂ ನಿಘಂಟು, 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು, 1894ರಲ್ಲಿ ಕಿಟೆಲ್ ಅವರ ಕನ್ನಡ ನಿಘಂಟು ಬಂದವು. ಮೂರು ಭಾಷೆ, ಮೂರು ದಪ್ಪ ಪುಸ್ತಕ, ಒಂದೇ ಪ್ರೆಸ್ಸು. ಇಂಥ ಗ್ರಂಥ ಅಚ್ಚಿಗೆ ಕೂತಿರುವಾಗ ಸಣ್ಣ ಕರಪತ್ರ ಹಿಡಿದು ಬಂದವನನ್ನು ಎಲ್ಲಿ ನಿಲ್ಲಿಸುವುದು ಎಂಬ ಪ್ರಶ್ನೆ ಪ್ರೆಸ್ಸು ಇರುವಲ್ಲೆಲ್ಲ ಇದ್ದದ್ದೇ. ಪ್ರೆಸ್ಸಿನಲ್ಲಿ ಅದಕ್ಕೆ ಉತ್ತರ ಹೇಳಲು ಒಬ್ಬ ಮನುಷ್ಯನಿರುತ್ತಾನೆ. ಕಂಪ್ಯೂಟರಿನೊಳಗೆ ಯಾರಿದ್ದಾರೆ?

ಮೊದಲು ಯಾರೂ ಇರಲಿಲ್ಲ. ಆರಂಭದ ಕಂಪ್ಯೂಟರುಗಳಲ್ಲಿ ಒಂದು ಕೆಲಸ ಮುಗಿದ ಮೇಲೆ ಇನ್ನೊಂದು, ಅಷ್ಟೆ. 1961ರ ನವೆಂಬರಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಜೊತೆಗಾರರು ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವುದನ್ನು ಮಾಡಿ ತೋರಿಸಿದರು. ಗುಟ್ಟು ಇಷ್ಟೇ: ಒಳಗೊಂದು ಗಡಿಯಾರ. ಅದು ಆಗಾಗ ಗಂಟೆ ಬಾರಿಸುತ್ತದೆ. ಗಂಟೆ ಬಾರಿಸಿದಾಗ ಓಡುತ್ತಿರುವ ಕೆಲಸವನ್ನು ಇದ್ದಲ್ಲೇ ನಿಲ್ಲಿಸಿ, ಎಲ್ಲಿಗೆ ಬಂದಿತ್ತು ಎಂದು ಬರೆದಿಟ್ಟು, ಮುಂದಿನದ್ದಕ್ಕೆ ಬಿಟ್ಟುಕೊಡುವುದು. ಸರದಿ ಅಷ್ಟು ಬೇಗ ತಿರುಗುವುದರಿಂದ ಪ್ರತಿಯೊಬ್ಬನಿಗೂ ಕಂಪ್ಯೂಟರು ತನ್ನೊಬ್ಬನದೇ ಎನ್ನಿಸುತ್ತದೆ. ಈಗ ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ವಾಟ್ಸಾಪು, ಹಾಡು, ಈ ಬರಹ ಎಲ್ಲ ಒಟ್ಟಿಗೆ ನಡೆಯುತ್ತಿರುವುದೂ ಅದೇ ಗಂಟೆಯ ಕೃಪೆ.

ಇಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ: ಇದ್ದಲ್ಲೇ ನಿಲ್ಲಿಸಿ ಬರೆದಿಡುವುದು. ಮುಖ್ಯ ಪ್ರೊಸೆಸರಿನಲ್ಲಿ ಅದು ಸುಲಭ. ಗ್ರಾಫಿಕ್ಸ್ ಕಾರ್ಡಿನಲ್ಲಿ ಕಷ್ಟ. ನಮ್ಮ ಜೂನ್ 30ರ ರಾತ್ರಿಯ ಮೂಲ ಅಲ್ಲಿದೆ.

ಗ್ರಾಫಿಕ್ಸ್ ಕಾರ್ಡು ಮಾಡುವ ಕೆಲಸದ ಲೆಕ್ಕ ನೋಡಿ. ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕಿಗಳು. ಒಟ್ಟು 20 ಲಕ್ಷದ ಮೇಲೆ. ಸೆಕೆಂಡಿಗೆ 60 ಸಲ ಬಣ್ಣ ಹಚ್ಚಬೇಕು ಎಂದರೆ ಸೆಕೆಂಡಿಗೆ 12 ಕೋಟಿ ಚುಕ್ಕಿ. ಒಬ್ಬ ಬುದ್ಧಿವಂತ ಲೆಕ್ಕಿಗನಿಗಿಂತ ಸಣ್ಣ ಲೆಕ್ಕವನ್ನು ಒಟ್ಟಿಗೆ ಮಾಡುವ ಸಾವಿರ ಜನ ಇಲ್ಲಿ ಉಪಯೋಗ. ಕಾರ್ಡಿನೊಳಗೆ ಇರುವುದು ಆ ಸಾವಿರ ಜನ.

ಮೊದಮೊದಲು ಈ ಗುಂಪಿಗೆ ಒಬ್ಬನೇ ಯಜಮಾನ. 1984ರಲ್ಲಿ ಎಂಐಟಿಯಲ್ಲೇ ಹುಟ್ಟಿದ ಎಕ್ಸ್ ಎಂಬ ವ್ಯವಸ್ಥೆಯಲ್ಲಿ ಪರದೆಯ ಮೇಲೆ ಗೆರೆ ಎಳೆಯುವ ಅಧಿಕಾರ ಒಂದೇ ಪ್ರೊಗ್ರಾಮಿಗೆ. ಉಳಿದವರೆಲ್ಲ ಅದರ ಹತ್ತಿರ ಹೋಗಿ "ನನಗೊಂದು ಚೌಕ ಹಾಕಿಕೊಡಿ" ಎಂದು ಕೇಳಬೇಕು. ನಿಧಾನ, ಆದರೆ ಜಗಳವಿಲ್ಲ. 1996ರಲ್ಲಿ ತ್ರೀಡಿಎಫ್‌ಎಕ್ಸ್ ಕಂಪೆನಿಯ ವೂಡೂ ಕಾರ್ಡು ಬಂತು. ಅದರಲ್ಲಿ ಹಂಚಿಕೆಯ ಪ್ರಶ್ನೆಯೇ ಇಲ್ಲ: ಆಟ ಆಡುವಾಗ ಪೂರ್ತಿ ಪರದೆ ಆಟದ್ದು, ಆಟ ಮುಗಿದ ಮೇಲೆ ಪರದೆ ಮತ್ತೆ ಹಳೆಯ ಕಾರ್ಡಿಗೆ. ಎರಡು ಕಾರ್ಡುಗಳನ್ನು ಹಿಂಬದಿಯಲ್ಲಿ ಒಂದು ವಯರಿನಿಂದ ಜೋಡಿಸಿರುತ್ತಿದ್ದರು. 1999ರಲ್ಲಿ ಎನ್‌ವಿಡಿಯಾ ತನ್ನ ಜೀಫೋರ್ಸ್ 256 ಕಾರ್ಡಿಗೆ ಜಿಪಿಯು ಎಂಬ ಹೆಸರನ್ನು ಜನಪ್ರಿಯ ಮಾಡಿತು.

ಅದೇ ಹೊತ್ತಿಗೆ ಲಿನಕ್ಸಿನ ಕಡೆ, ಎಲ್ಲದಕ್ಕೂ ಯಜಮಾನನ ಹತ್ತಿರ ಹೋಗುವುದು ಬೇಡ, ಪ್ರೊಗ್ರಾಮುಗಳು ನೇರ ಕಾರ್ಡಿಗೇ ಕೆಲಸ ಕೊಡಲಿ ಎಂಬ ವ್ಯವಸ್ಥೆ ಆಯಿತು. 2000ದಲ್ಲಿ ಅದು ಬಳಕೆಗೆ ಬಂತು. ಇಬ್ಬರು ಒಟ್ಟಿಗೆ ಕೈಹಾಕಬಾರದಲ್ಲ, ಅದಕ್ಕೆ ಇಟ್ಟ ಉಪಾಯ ಒಂದು ಬೀಗ. ಬೀಗದ ಕೈ ಯಾರಲ್ಲಿದೆಯೋ ಕಾರ್ಡು ಅವರದ್ದು. ಅವರು ಬಿಟ್ಟಾಗ ಇನ್ನೊಬ್ಬರು. ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬ ಕರಾರು ಆ ಬೀಗಕ್ಕೆ ಇರಲಿಲ್ಲ. ಊರಿನ ಸಮುದಾಯ ಭವನದ ಬೀಗದ ಕೈ ಯಾರ ಮನೆಯಲ್ಲಿರುತ್ತದೋ ಭವನ ಅವರದ್ದೇ ಆಗಿಬಿಡುತ್ತದಲ್ಲ, ಹಾಗೆ.

ಆಟವೊಂದೇ ಕಾರ್ಡು ಬಳಸುವಷ್ಟು ಕಾಲ ಇದು ನಡೆಯಿತು. 2002ರಲ್ಲಿ ಆ್ಯಪಲ್ ತನ್ನ ಕಂಪ್ಯೂಟರಿನ ಕಿಟಕಿಗಳನ್ನೇ ಗ್ರಾಫಿಕ್ಸ್ ಕಾರ್ಡಿನಿಂದ ಜೋಡಿಸಿ ತೋರಿಸಲು ಶುರುಮಾಡಿತು. 2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಪೇಟೆಗೆ ಬಂದಾಗ ಅದೇ ವಿದ್ಯೆ ಜನಸಾಮಾನ್ಯರ ಕಂಪ್ಯೂಟರಿಗೂ ಬಂತು. ಅಲ್ಲಿಂದ ಪರದೆಯ ಮೇಲಿನ ಪ್ರತಿಯೊಂದು ಕಿಟಕಿಯೂ ಕಾರ್ಡಿನ ಪಾಲುದಾರ. ಪತ್ರ ಟೈಪ್ ಮಾಡುವುದಕ್ಕೂ ಗ್ರಾಫಿಕ್ಸ್ ಕಾರ್ಡಿನ ಸರದಿ ಬೇಕು. ವಿಡಿಯೋ ಓಡುವಾಗ ನಮ್ಮ ಅಕ್ಷರ ತಡವಾದದ್ದು ಇದಕ್ಕೆ. ಅಕ್ಷರವನ್ನು ಮುಖ್ಯ ಪ್ರೊಸೆಸರು ಆಗಲೇ ಓದಿಯಾಗಿತ್ತು. ಪರದೆಗೆ ಬರೆಯುವವನ ಕೈ ಬಿಡುವಿರಲಿಲ್ಲ.

ವಿಸ್ಟಾದ ಬಗ್ಗೆ ಜನ ಆಗ ಬೈದದ್ದೇ ಹೆಚ್ಚು. ಆದರೆ ಡೆಸ್ಕ್‌ಟಾಪಿನಲ್ಲಿ ಕಾರ್ಡಿನ ಸಮಯ ಮತ್ತು ನೆನಪನ್ನು ಪ್ರೊಗ್ರಾಮುಗಳ ನಡುವೆ ಹಂಚುವ ಹೊಣೆಯನ್ನು ಆಪರೇಟಿಂಗ್ ಸಿಸ್ಟಮ್ಮೇ ವಹಿಸಿಕೊಂಡ ಆ ವ್ಯವಸ್ಥೆಗೆ ಸಲ್ಲಬೇಕಾದ ಗೌರವ ಸಲ್ಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅದರಲ್ಲೊಂದು ಕಾವಲುಗಾರನೂ ಇದ್ದ. ಕಾರ್ಡು ಬಿಟ್ಟುಕೊಡು ಎಂದ ಮೇಲೂ 2 ಸೆಕೆಂಡಿನೊಳಗೆ ಬಿಡದಿದ್ದರೆ ಕಾರ್ಡು ಸಿಕ್ಕಿಹಾಕಿಕೊಂಡಿದೆ ಎಂದು ತೀರ್ಮಾನಿಸಿ, ಅದನ್ನೇ ಹೊಡೆದು ಎಬ್ಬಿಸುವುದು. ನಮ್ಮ ಪರದೆ ರಾತ್ರಿ ಎರಡಕ್ಕೆ ಕಪ್ಪಾಗಿ ಬೆಳಗಿತಲ್ಲ, ಈ ಕಾವಲುಗಾರನದ್ದೇ ಕೆಲಸ. ಅವನು ಇಲ್ಲದಿದ್ದರೆ ಕಂಪ್ಯೂಟರನ್ನೇ ಬಂದ್ ಮಾಡಬೇಕಾಗುತ್ತಿತ್ತು.

ಹೊಡೆದು ಎಬ್ಬಿಸುವ ಬದಲು ಇದ್ದಲ್ಲೇ ನಿಲ್ಲಿಸಬಾರದೇ? ನಿಲ್ಲಿಸಬಹುದು, ಆದರೆ ಸಾವಿರಾರು ಲೆಕ್ಕಿಗರ ಕೈಯಲ್ಲಿ ಅರ್ಧಕ್ಕೆ ಇರುವ ಲೆಕ್ಕವನ್ನೆಲ್ಲ ಬರೆದಿಡಬೇಕು. 2016ರಲ್ಲಿ ಬಂದ ಎನ್‌ವಿಡಿಯಾದ ಟೆಸ್ಲಾ ಪಿ100 ಎಂಬ ದೊಡ್ಡ ಕಾರ್ಡಿನಲ್ಲಿ ಲೆಕ್ಕಿಗರ ಕೈಯಲ್ಲಿರುವ ಈ ತಾತ್ಕಾಲಿಕ ನೆನಪೇ 14 ಎಂಬಿ. ಮುಖ್ಯ ಪ್ರೊಸೆಸರಿನಲ್ಲಿ ಒಂದು ಕೆಲಸ ಬದಲಿಸುವಾಗ ಬರೆದಿಡಬೇಕಾದದ್ದು ಕೆಲವೇ ಕೆಬಿ. ಕಲ್ಲಚ್ಚಿನ ಕಲ್ಲನ್ನು ತಿಕ್ಕಿ ಇನ್ನೊಂದು ಪುಟಕ್ಕೆ ಸಿದ್ಧ ಮಾಡುವ ಹಾಗೆ, ಬದಲಾವಣೆಗೇ ಖರ್ಚು. ಅದಕ್ಕಾಗಿ ಹಳೆಯ ಕಾರ್ಡುಗಳು ಕೈಗೆ ತೆಗೆದುಕೊಂಡ ತುಂಡನ್ನು ಮುಗಿಸಿಯೇ ಬಿಡುತ್ತಿದ್ದವು. ಆ 2016ರ ಪಾಸ್ಕಲ್ ಪೀಳಿಗೆಯಿಂದ ಎನ್‌ವಿಡಿಯಾ ಕಾರ್ಡುಗಳಲ್ಲಿ ಲೆಕ್ಕದ ನಡುವೆಯೇ ನಿಲ್ಲಿಸುವ ಸಾಮರ್ಥ್ಯ ಬಂತು. ನಮ್ಮದು ಅದಕ್ಕಿಂತ ಹಿಂದಿನದು.

ಸರಿ, ನಿಲ್ಲಿಸಲು ಬಂತು ಎಂದಿಟ್ಟುಕೊಳ್ಳೋಣ. ಮುಂದಿನ ಸರದಿ ಯಾರಿಗೆ? ನ್ಯಾಯದ ಪ್ರಶ್ನೆ ಇಲ್ಲಿದೆ.

ಮೊದಲು ಬಂದವನಿಗೆ ಮೊದಲು ಎಂಬುದು ಒಂದು ಉತ್ತರ. ರೇಷನ್ ಅಂಗಡಿಯ ಸಾಲಿನಂತೆ. ಎಲ್ಲರೂ ಒಂದೇ ಅಳತೆಯ ಕೆಲಸ ತಂದಾಗ ಇದು ಚೆನ್ನ. ಹಿಟ್ಟಿನ ಮಿಲ್ಲಿನಲ್ಲಿ ನಿಮ್ಮ ಎದುರು ನಿಂತವನು ಹತ್ತು ಮೂಟೆ ತಂದಿದ್ದರೆ, ಎರಡು ಸೇರು ಹಿಡಿದ ನೀವು ಸಂಜೆವರೆಗೆ ನಿಲ್ಲಬೇಕು.

ಒಬ್ಬೊಬ್ಬರಿಗೆ ಒಂದೊಂದು ಸರದಿ ಎಂಬುದು ಇನ್ನೊಂದು ಉತ್ತರ. ನಮ್ಮ ಗೋಡೆಯ ಪಟ್ಟಿ ಇದೇ. ನೋಡಲು ಸಮಾನ. ಆದರೆ ಒಬ್ಬನ ಸರದಿ ಅರ್ಧ ಗಂಟೆಯದು, ಇನ್ನೊಬ್ಬನದು ಆರು ಗಂಟೆಯದು. ಸರದಿಗಳನ್ನು ಎಣಿಸಿದರೆ ಸಮ, ಗಂಟೆ ಎಣಿಸಿದರೆ ಹನ್ನೆರಡು ಪಟ್ಟು ವ್ಯತ್ಯಾಸ.

ಅಡಿಕೆ ತೋಟದವರಿಗೆ ಈ ವಿಷಯ ವಿವರಿಸಬೇಕಿಲ್ಲ. ಒಂದೇ ಕೆರೆ, ಮೂವರು ಅಣ್ಣತಮ್ಮಂದಿರ ತೋಟ ಇದ್ದಲ್ಲಿ "ನಿನಗೊಂದು ಸಲ, ನನಗೊಂದು ಸಲ" ಎಂದರೆ ಪಂಪು ಬಂದ್ ಮಾಡುವವರು ಯಾರು? ಹಾಗಾಗಿ ನೀರಿನ ಪಾಲು ಗಂಟೆ ಲೆಕ್ಕದಲ್ಲಿ. ಕಂಪ್ಯೂಟರಿನವರು ಈ ಪಾಠ ಕಲಿತದ್ದು ಮೊದಲು ಇಂಟರ್ನೆಟ್ಟಿನ ದಾರಿಯಲ್ಲಿ. 1985ರಲ್ಲಿ ಜಾನ್ ನೇಗಲ್ ಎಂಬವರು ಜಾಲದ ಕವಲುಗಳಲ್ಲಿ ಪ್ರತಿಯೊಬ್ಬರಿಗೂ ಬೇರೆ ಸಾಲು ಮಾಡಿ, ಸರದಿಯಂತೆ ಒಂದೊಂದು ಕಟ್ಟು ಬಿಡೋಣ ಎಂದರು. 1989ರಲ್ಲಿ ಅಲನ್ ಡೆಮರ್ಸ್, ದೆಹಲಿ ಐಐಟಿಯಲ್ಲಿ ಓದಿದ ಎಸ್. ಕೇಶವ್ ಮತ್ತು ಸ್ಕಾಟ್ ಶೆಂಕರ್ ಅದರ ತೂತನ್ನು ತೋರಿಸಿದರು: ದೊಡ್ಡ ಕಟ್ಟು ಕಳಿಸುವವನು ಪ್ರತಿ ಸರದಿಯಲ್ಲೂ ಹೆಚ್ಚು ಹೊಡೆದುಕೊಳ್ಳುತ್ತಾನೆ. ಕಟ್ಟುಗಳನ್ನು ಎಣಿಸಬೇಡಿ, ಒಳಗಿನ ಸರಕನ್ನು ಅಳೆಯಿರಿ ಎಂದರು.

ಮುಖ್ಯ ಪ್ರೊಸೆಸರಿನಲ್ಲಿ ಈ ಮಾತು ಗಟ್ಟಿಯಾಗಿ ಕೇಳಿಸಿದ್ದು 2007ರಲ್ಲಿ, ಅದೂ ಒಬ್ಬ ಡಾಕ್ಟರಿಂದ. ಆಸ್ಟ್ರೇಲಿಯಾದ ಕಾನ್ ಕೊಲಿವಾಸ್ ವೃತ್ತಿಯಲ್ಲಿ ಅರಿವಳಿಕೆ ತಜ್ಞ. ಆಪರೇಷನ್ನಿಗೆ ಮೊದಲು ಮಂಪರು ಬರಿಸುವವರು. ಬಿಡುವಿನಲ್ಲಿ ಲಿನಕ್ಸ್ ತಿದ್ದುತ್ತಿದ್ದರು. ದೊಡ್ಡ ಕಂಪೆನಿಗಳ ಸರ್ವರುಗಳಿಗಾಗಿ ಬರೆದ ಸರದಿ ನಿಯಮಗಳು ಮನೆಯ ಕಂಪ್ಯೂಟರನ್ನು ಮರೆತಿವೆ, ಹಾಡು ತಡವರಿಸುತ್ತದೆ, ಮೌಸು ನಿಲ್ಲುತ್ತದೆ ಎಂಬುದು ಅವರ ದೂರು. ಯಾರು ಚುರುಕಾಗಿರಬೇಕು ಎಂದು ಊಹಿಸುವ ಗೊಂದಲ ಬಿಟ್ಟು, ನ್ಯಾಯವಾಗಿ ಹಂಚಿದರೆ ಸಾಕು ಎಂದು ತಮ್ಮದೇ ನಿಯಮ ಬರೆದು ತೋರಿಸಿದರು. ಅದೇ ವರ್ಷ ಏಪ್ರಿಲಿನಲ್ಲಿ ಲಿನಕ್ಸಿನ ಹಳೆಯ ನಿಯಮ ಬರೆದಿದ್ದ ಹಂಗೇರಿಯ ಇಂಗೊ ಮೋಲ್ನಾರ್, 62 ಗಂಟೆಗಳಲ್ಲಿ ತಮ್ಮದೇ ಹೊಸ ನಿಯಮ ಬರೆದು ಮುಂದಿಟ್ಟರು. ಇದು ಸಾಧ್ಯ ಎಂದು ತೋರಿಸಿದ್ದು ಕೊಲಿವಾಸ್ ಎಂದು ಅದರಲ್ಲಿ ಹೆಸರು ಹೇಳಿದರು. ಒಳಗೆ ಸೇರಿದ್ದು ಮಾತ್ರ ಮೋಲ್ನಾರರದ್ದು. ಕೊಲಿವಾಸ್ ಅದೇ ವರ್ಷ ಕೈಬಿಟ್ಟು ಹೋದರು, ಎರಡು ವರ್ಷದ ನಂತರ ಇನ್ನೊಂದು ನಿಯಮ ಬರೆದುಕೊಂಡು ಮತ್ತೆ ಬಂದರು. ಊರಿನ ಸಂಘಗಳಲ್ಲಿ ಇಂಥದ್ದನ್ನು ನಾವೂ ನೋಡಿದ್ದೇವೆ.

ಮೋಲ್ನಾರರ ನಿಯಮದ ತಿರುಳು ಒಂದು ಸಾಲಿನದು. ಪ್ರತಿಯೊಂದು ಕೆಲಸ ಇಲ್ಲಿವರೆಗೆ ಎಷ್ಟು ಸಮಯ ಉಂಡಿದೆ ಎಂದು ಲೆಕ್ಕವಿಡು. ಅತಿ ಕಡಿಮೆ ಉಂಡವನಿಗೆ ಮುಂದಿನ ಸರದಿ ಕೊಡು. ಇದರಲ್ಲಿ ಒಂದು ಸೊಗಸಿದೆ. ಟೈಪ್ ಮಾಡುವವಳು ಅಕ್ಷರ ಒತ್ತಿ ಸುಮ್ಮನಿರುತ್ತಾಳೆ, ಅವಳ ಖಾತೆಯಲ್ಲಿ ಖರ್ಚು ಬಹಳ ಕಡಿಮೆ. ಹಾಗಾಗಿ ಮುಂದಿನ ಅಕ್ಷರ ಒತ್ತಿದ ಕೂಡಲೇ ಸಾಲಿನ ಎದುರಿಗೆ ಬರುತ್ತಾಳೆ. ಯಾರೂ ಅವಳಿಗೆ ವಿಶೇಷ ಸೌಲಭ್ಯ ಕೊಡಬೇಕಿಲ್ಲ. ವಿಡಿಯೋದವನಿಗೂ ಹೆಚ್ಚು ನಷ್ಟವಿಲ್ಲ, ಅವಳು ಬಿಟ್ಟ ಹೊತ್ತೆಲ್ಲ ಅವನದ್ದೇ.

ಹಾಗಾದರೆ ಇಡೀ ದಿನ ಮಲಗಿದ್ದವನು ಸಂಜೆ ಎದ್ದು, ನಾನು ಏನೂ ಉಂಡಿಲ್ಲ, ಇಡೀ ರಾತ್ರಿ ನನ್ನದು ಎಂದರೆ? ಅದಕ್ಕೂ ತಡೆಯಿದೆ. ಎದ್ದು ಬಂದವನ ಲೆಕ್ಕವನ್ನು ಈಗ ಓಡುತ್ತಿರುವವರ ಲೆಕ್ಕದ ಹತ್ತಿರಕ್ಕೆ ತಂದು ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ಬಿಡದ ನೀರನ್ನು ಬೇಸಗೆಯಲ್ಲಿ ಒಟ್ಟು ಮಾಡಿ ಕೇಳುವಂತಿಲ್ಲ.

ಮುಖ್ಯ ಪ್ರೊಸೆಸರಿನಲ್ಲಿ 2007ಕ್ಕೆ ಇಷ್ಟು ಆಗಿತ್ತು. ಪಕ್ಕದಲ್ಲೇ ಕೂತ ಗ್ರಾಫಿಕ್ಸ್ ಕಾರ್ಡಿಗೆ ಈ ನ್ಯಾಯ ತಲುಪಲು ಮತ್ತೆ ಹದಿನೆಂಟು ವರ್ಷ ಹಿಡಿಯಿತು. ನಡುವೆ ಅದೇ 2007ರಲ್ಲಿ ಎನ್‌ವಿಡಿಯಾ ತನ್ನ ಕಾರ್ಡುಗಳನ್ನು ಚಿತ್ರ ಬಿಡಿಸುವುದರಾಚೆ ಎಲ್ಲ ಬಗೆಯ ಲೆಕ್ಕಕ್ಕೂ ತೆರೆದಿಟ್ಟಿತ್ತು. ಹವಾಮಾನ, ಔಷಧ, ವಿಡಿಯೋ ಎಲ್ಲ ಕಾರ್ಡಿನ ಬಾಗಿಲಲ್ಲಿ ನಿಂತವು.

ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಹಿಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಶ್ರೀಪತಿ ಪೈ, ಮ್ಯಾಥ್ಯೂ ತಾಳುತವೀಟಿಲ್, ಆರ್. ಗೋವಿಂದರಾಜನ್ ಈ ಮೂವರು 2013ರಲ್ಲಿ ಪ್ರಕಟಿಸಿದ ಪ್ರಬಂಧ ನಮಗೆ ಬಹಳ ಹಿಡಿಸಿತು. ಅವರು ಎರಡೆರಡು ಪ್ರೊಗ್ರಾಮುಗಳನ್ನು ಒಂದು ಕಾರ್ಡಿನ ಮೇಲೆ ಒಟ್ಟಿಗೆ ಓಡಿಸಿ ನೋಡಿದರು. ಒಟ್ಟಿಗೆ ಓಡುವುದು ಎಂಬ ಮಾತು ಹೆಸರಿಗೆ ಮಾತ್ರ. ಬಹಳ ಸಲ ಒಂದರ ಹಿಂದೆ ಒಂದು ಓಡಿಸಿದ್ದಕ್ಕಿಂತ ಹೆಚ್ಚೇನೂ ಲಾಭ ಇರಲಿಲ್ಲ. ಕಾರಣ, ಪ್ರತಿಯೊಂದು ಪ್ರೊಗ್ರಾಮನ್ನೂ ಕಾರ್ಡು ಪೂರ್ತಿ ತನ್ನದೇ ಎಂಬಂತೆ ಬರೆದಿರುತ್ತಾರೆ. ಬಸ್ಸಿಗೆ ಮೊದಲು ಹತ್ತಿದವನು ಪಕ್ಕದ ಸೀಟಿನಲ್ಲೆಲ್ಲ ಚೀಲ ಇಟ್ಟ ಹಾಗೆ. ಜಾಗ ಇದೆ, ಕೂರುವಂತಿಲ್ಲ. ಅವರ ಉಪಾಯ, ಪ್ರೊಗ್ರಾಮುಗಳನ್ನೇ ರಬ್ಬರಿನಂತೆ ಹಿಗ್ಗಿ ಕುಗ್ಗುವ ಹಾಗೆ ಮಾರ್ಪಡಿಸುವುದು. ಪಕ್ಕದಲ್ಲಿ ಇನ್ನೊಬ್ಬನಿದ್ದರೆ ಕೈಕಾಲು ಮಡಚಿ ಕೂರುವುದು, ಇಲ್ಲದಿದ್ದರೆ ಆರಾಮ.

2014ರಲ್ಲಿ ಅವರೇ ಸರದಿಯ ಪ್ರಶ್ನೆಗೂ ಬಂದರು. ಕಾರ್ಡಿನೊಳಗೆ ಕೆಲಸದ ತುಂಡುಗಳನ್ನು ಹಂಚುವ ಯಂತ್ರಭಾಗ ಮೊದಲು ಬಂದವನಿಗೆ ಮೊದಲು ಎಂಬ ನಿಯಮದಲ್ಲೇ ಇತ್ತು. ಅದೇ ರೇಷನ್ ಸಾಲು. ಒಂದು ಪ್ರೊಗ್ರಾಮಿನ ತುಂಡುಗಳು ಸಾಮಾನ್ಯವಾಗಿ ಒಂದನ್ನೊಂದು ಹೋಲುತ್ತವೆ, ಹಾಗಾಗಿ ಮೊದಲ ಕೆಲವನ್ನು ನೋಡಿ ಪೂರ್ತಿ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಅಂದಾಜು ಮಾಡಬಹುದು ಎಂಬುದು ಅವರ ಯೋಚನೆ. ಅಂದಾಜು ಸಿಕ್ಕಿದರೆ, ಬೇಗ ಮುಗಿಯುವ ಕೆಲಸವನ್ನು ಮೊದಲು ಬಿಡಬಹುದು. ಎರಡು ಸೇರಿನವನನ್ನು ಹತ್ತು ಮೂಟೆಯವನಿಗಿಂತ ಮುಂದೆ ಕಳಿಸುವ ಮಿಲ್ಲಿನ ಯಜಮಾನ ಮಾಡುವುದು ಇದನ್ನೇ. ಅದರಿಂದ ದೊಡ್ಡವನಿಗೆ ತೀರಾ ಅನ್ಯಾಯವಾಗುತ್ತಿದೆ ಎಂದು ಕಂಡಾಗ ಪಾಲನ್ನು ಸರಿದೂಗಿಸುವ ಇನ್ನೊಂದು ನಿಯಮವನ್ನೂ ಜೊತೆಗೆ ಕೊಟ್ಟರು.

ಪ್ರಬಂಧದಲ್ಲಿರುವುದು ಮನೆಯ ಕಂಪ್ಯೂಟರಿಗೆ ಬರಲು ದಾರಿ ಉದ್ದ. ಲಿನಕ್ಸಿನಲ್ಲಿ ಬೇರೆ ಬೇರೆ ಕಂಪೆನಿಗಳ ಕಾರ್ಡುಗಳು ಹಂಚಿಕೊಳ್ಳಬಹುದಾದ ಒಂದು ಸಾಮಾನ್ಯ ಸರದಿ ವ್ಯವಸ್ಥೆ 2017ರ ಕೊನೆಗೆ ರೂಪುಗೊಂಡಿತು. ಎಎಂಡಿ ಕಂಪೆನಿಯ ಕಾರ್ಡುಗಳಿಗೆ ಬರೆದಿದ್ದನ್ನೇ ಎಲ್ಲರಿಗೂ ತೆರೆದರು. ನಿಯಮ ಯಾವುದು ಗೊತ್ತೇ? ಒಬ್ಬೊಬ್ಬರಿಗೆ ಒಂದೊಂದು ಸರದಿ. ನಮ್ಮ ಗೋಡೆಯ ಪಟ್ಟಿ! 2022ರಲ್ಲಿ ಅದನ್ನು ಬದಲಿಸಿದರು. ಯಾವುದಕ್ಕೆ? ಮೊದಲು ಬಂದ ಕೆಲಸಕ್ಕೆ ಮೊದಲು. ಓದುತ್ತಾ ನಮಗೆ ನಗು ಬಂತು. ದೊಡ್ಡ ದೊಡ್ಡ ಎಂಜಿನಿಯರುಗಳೂ ನಮ್ಮ ಕೋಣೆಯಲ್ಲೇ ಕೂತ ಹಾಗಿತ್ತು. ಅವರ ಪರವಾಗಿ ಒಂದು ಮಾತು ಹೇಳಬೇಕು: ಕಾರ್ಡಿಗೆ ಕೊಟ್ಟ ಕೆಲಸ ಎಷ್ಟು ಹೊತ್ತು ಉಂಡಿತು ಎಂಬುದು ಅದು ಮುಗಿದ ಮೇಲೆಯೇ ತಿಳಿಯುವುದು. ಪಂಪಿಗೆ ಮೀಟರು ಇಲ್ಲದಲ್ಲಿ ಗಂಟೆಯ ಲೆಕ್ಕ ಇಡುವುದು ಸುಲಭವಲ್ಲ.

2025ರಲ್ಲಿ ಟ್ವಿರ್ಟ್ಕೊ ಉರ್ಸುಲಿನ್ ಎಂಬ ಎಂಜಿನಿಯರು ಈ ಎರಡನ್ನೂ ತೆಗೆದು, ಮೋಲ್ನಾರರ ಹಾದಿಯಲ್ಲಿ, ಪ್ರತಿಯೊಬ್ಬರೂ ಕಾರ್ಡಿನ ಮೇಲೆ ನಿಜವಾಗಿ ಕಳೆದ ಸಮಯವನ್ನು ಲೆಕ್ಕವಿಟ್ಟು ಕಡಿಮೆ ಉಂಡವನಿಗೆ ಮುಂದಿನ ಸರದಿ ಕೊಡುವ ವ್ಯವಸ್ಥೆಯನ್ನು ಮುಂದಿಟ್ಟರು. ಹೆಸರಲ್ಲೇ ನ್ಯಾಯ ಎಂಬ ಪದ ಇದೆ. ದೊಡ್ಡ ಕೆಲಸ ಹಿಂದೆ ಓಡುತ್ತಿರುವಾಗ ಎದುರಿನ ಕಿಟಕಿ ತಡವರಿಸಬಾರದು ಎಂಬುದೇ ಅದರ ಗುರಿ. ಅವರು ಕೆಲಸ ಮಾಡುವ ಇಗಾಲಿಯಾ ಸ್ಪೇನಿನ ಗಲೀಸಿಯಾದ್ದು. ಕೆಲಸಗಾರರೇ ಮಾಲೀಕರಾಗಿರುವ ಸಹಕಾರಿ ಸಂಸ್ಥೆ. 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ ಊರಿನಲ್ಲಿ ಕೂತು ಇದನ್ನು ಓದುವಾಗ ಆ ಸಾಲಿನ ಮೇಲೆ ಕಣ್ಣು ಸ್ವಲ್ಪ ಹೊತ್ತು ನಿಂತಿತು.

ಸಮಯವನ್ನು ಹಂಚಿದರೆ ಮುಗಿಯಲಿಲ್ಲ, ಜಾಗವೂ ಇದೆ. ನಮ್ಮ 2 ಜಿಬಿಯಲ್ಲಿ ವಿಡಿಯೋವೇ ಮುಕ್ಕಾಲು ತುಂಬಿಕೊಂಡರೆ ಉಳಿದವರ ಸಾಮಾನನ್ನು ಕಂಪ್ಯೂಟರಿನ ಮುಖ್ಯ ನೆನಪಿಗೆ ಸಾಗಿಸಿ, ಅವರ ಸರದಿ ಬಂದಾಗ ಮತ್ತೆ ತರಬೇಕು. ಸರದಿ ಸಿಕ್ಕಿದರೂ ಸಾಮಾನು ಬಂದಿರುವುದಿಲ್ಲ. ಹಳೆಯ ಕಾರ್ಡು ಒದ್ದಾಡುವುದರಲ್ಲಿ ಅರ್ಧ ಪಾಲು ಇದರದ್ದು.

ನಿಮ್ಮ ಶಾಲೆಯಲ್ಲೋ ಪಂಚಾಯತಿನ ಪಕ್ಕದ ಡಿಟಿಪಿ ಅಂಗಡಿಯಲ್ಲೋ ಇಂಥದ್ದೇ ಕಂಪ್ಯೂಟರು ಇದ್ದರೆ ಮಾಡಬಹುದಾದದ್ದು ಸ್ವಲ್ಪ ಇದೆ. 2017ರ ನಂತರದ ವಿಂಡೋಸ್ 10ರಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದರೆ ಜಿಪಿಯು ಎಂಬ ಕಂಬ ಕಾಣುತ್ತದೆ. ಯಾರು ಎಷ್ಟು ತಿನ್ನುತ್ತಿದ್ದಾರೆ ಎಂಬುದು ಅಲ್ಲಿ ಬಯಲು. ಕ್ರೋಮ್ ಬ್ರೌಸರು ಕೂಡ ಪಾಲು ಕೇಳುತ್ತದೆ, ಅದರ ಸೆಟ್ಟಿಂಗ್ಸಿನ ಸಿಸ್ಟಮ್ ಭಾಗದಲ್ಲಿ ಗ್ರಾಫಿಕ್ಸ್ ಬಳಕೆಯನ್ನು ಆಫ್ ಮಾಡಬಹುದು. 2020ರ ಮೇ ಅಪ್‌ಡೇಟಿನಿಂದ ಸರದಿ ನೋಡುವ ಕೆಲಸವನ್ನು ಕಾರ್ಡಿಗೇ ಒಪ್ಪಿಸುವ ಒಂದು ಸ್ವಿಚ್ ಕೂಡ ಬಂದಿದೆ, ಆದರೆ ಕಾರ್ಡು ಹೊಸದಿರಬೇಕು. ನಮ್ಮದರಲ್ಲಿ ಆ ಸ್ವಿಚ್ಚೇ ಕಾಣಿಸಲಿಲ್ಲ.

ಹಾಗಾಗಿ ಗೋಡೆಯ ಪಟ್ಟಿಯನ್ನು ಬದಲಿಸಿದೆವು. ಈಗ ಕೆಲಸಗಳ ಲೆಕ್ಕ ಇಲ್ಲ, ಗಂಟೆಗಳ ಲೆಕ್ಕ. ಪ್ರತಿಯೊಬ್ಬರ ಹೆಸರಿನ ಮುಂದೆ ಆ ವಾರ ಕೂತ ಗಂಟೆ ಬರೆಯುತ್ತೇವೆ. ಇಬ್ಬರು ಒಟ್ಟಿಗೆ ಬಂದರೆ ಕಡಿಮೆ ಕೂತವರು ಮೊದಲು. ವಿಡಿಯೋವನ್ನು ಒಂದೇ ಸಲಕ್ಕೆ ಹೊರಡಿಸದೆ ಐದೈದು ನಿಮಿಷದ ತುಂಡು ಮಾಡಿ ಹೊರಡಿಸಿ, ಆಮೇಲೆ ಜೋಡಿಸುತ್ತೇವೆ. ಒಂದು ತುಂಡು ಮುಗಿದಾಗ ಬೇರೆಯವರಿಗೆ ಬಿಟ್ಟುಕೊಡಲು ಬರುತ್ತದೆ. ವಿಡಿಯೋ ಮಾಡುವವನು ಮೊದಲ ವಾರ ಗೊಣಗಿದ. ಮಲಗಿದ್ದ ಗಂಟೆಗಳನ್ನು ಸೇರಿಸಿಕೊಳ್ಳಲು ಒಬ್ಬ ನೋಡಿದ, ಬಿಡಲಿಲ್ಲ.

ಆ ಕಾಲುಸಂಕ ಇನ್ನೂ ಆಗಿಲ್ಲ. ಮುಂದಿನ ಗ್ರಾಮಸಭೆಗೆ ವರದಿಯ ಎರಡನೇ ಭಾಗ ಸಿದ್ಧವಾಗುತ್ತಿದೆ. ಈ ಬರಹವನ್ನು ನಾವು ಟೈಪ್ ಮಾಡುತ್ತಿರುವುದು ಅವಳು ಊಟಕ್ಕೆ ಹೋದ ಹೊತ್ತಿನಲ್ಲಿ. ಬರುತ್ತಿದ್ದಾಳೆ, ಮೆಟ್ಟಿಲಿನ ಸದ್ದು ಕೇಳುತ್ತಿದೆ.